ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ನ ಹೆಡರ್ ಓದೋದು ಹೇಗೆ? ಟರ್ಮಿನಲ್‌ನಲ್ಲಿ ಲಕ್ಸ್ ಪರೀಕ್ಷೆ

ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ "ಡಿಸ್ಕ್ ಎನ್‌ಕ್ರಿಪ್ಟ್ ಮಾಡಲೇ?" ಅಂತ ಕೇಳುತ್ತದೆ. ಹೌದು ಅಂತ ಟಿಕ್ ಹಾಕಿ ಪಾಸ್‌ವರ್ಡ್ ಕೊಟ್ಟು ಮುಂದಕ್ಕೆ ಹೋಗುತ್ತೇವೆ. ಆಮೇಲೆ ಆ ಕಡೆ ತಿರುಗಿ ನೋಡುವುದೇ ಇಲ್ಲ. ಆದರೆ ನಿಮ್ಮ ಒಂದು ಟೆರಾಬೈಟ್ ಫೋಟೊ, ದಾಖಲೆ, ಕೆಲಸ ಎಲ್ಲವೂ ಆ ಪಾರ್ಟಿಷನ್‌ನ ಆರಂಭದ ಕೆಲವೇ ಎಂಬಿ ಜಾಗದ ಮೇಲೆ ನಿಂತಿದೆ. ಆ ಜಾಗವೇ ಹೆಡರ್. ಅದು ಹಾಳಾದರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಪ್ರಯೋಜನವಿಲ್ಲ, ಉಳಿದ ಡೇಟಾ ಹಾಗೇ ಇದ್ದರೂ ತೆರೆಯಲಾಗುವುದಿಲ್ಲ.

ಹಾಗಾಗಿ ಡಿಸ್ಕ್ ಚೆನ್ನಾಗಿರುವಾಗಲೇ ಒಮ್ಮೆ ಹೆಡರ್ ಓದಿ, ಅರ್ಥ ಮಾಡಿಕೊಂಡು, ನಕಲು ತೆಗೆದಿಡಬೇಕು. ಡಿಸ್ಕ್ ಕೆಟ್ಟ ಮೇಲೆ ಗಾಬರಿಯಲ್ಲಿ ಕಲಿಯುವ ವಿಷಯ ಇದಲ್ಲ. ಅರ್ಧ ಗಂಟೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಲಕ್ಸ್‌ಡಂಪ್, ಲಕ್ಸ್‌ಫಾರ್ಮ್ಯಾಟ್ ಥರದ ಪದಗಳಲ್ಲಿ ಲಕ್ಸ್ ಆದ ಮೇಲೆ ಬರುವ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದದ್ದೆಲ್ಲ ಚಿಕ್ಕಕ್ಷರ. ಈ ಕೆಲಸಕ್ಕೆಲ್ಲ ಬಳಸುವ ಪ್ರೋಗ್ರಾಂ ಹೆಸರು ಕ್ರಿಪ್ಟ್‌ಸೆಟಪ್. ಅನುಮಾನ ಬಂದರೆ "ಮ್ಯಾನ್ ಕ್ರಿಪ್ಟ್‌ಸೆಟಪ್" ಅಂತ ಕೊಟ್ಟರೆ ಪೂರ್ತಿ ಪಟ್ಟಿ ಸಿಗುತ್ತದೆ.

ಹೆಡರ್‌ನಲ್ಲಿ ಏನಿರುತ್ತದೆ?

ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಲು ಎಲ್ಲರೂ ಬಳಸುವ ವಿಧಾನದ ಹೆಸರು ಲಕ್ಸ್, ಅಂದರೆ ಲಿನಕ್ಸ್ ಯೂನಿಫೈಡ್ ಕೀ ಸೆಟಪ್. ಇದನ್ನು ರೂಪಿಸಿದವರು ಕ್ಲೆಮೆನ್ಸ್ ಫ್ರುವಿರ್ತ್. ಈಗ ಇದರ ಎರಡು ಆವೃತ್ತಿಗಳು ಬಳಕೆಯಲ್ಲಿವೆ. ಹಳೆಯದು ಲಕ್ಸ್1. 2017ರ ಕೊನೆಗೆ ಕ್ರಿಪ್ಟ್‌ಸೆಟಪ್ 2.0 ಜೊತೆ ಬಂದದ್ದು ಲಕ್ಸ್2. 2019ರಲ್ಲಿ ಬಂದ ಕ್ರಿಪ್ಟ್‌ಸೆಟಪ್ 2.1ರಿಂದ ಲಕ್ಸ್2 ತಾನಾಗೇ ಆಯ್ಕೆಯಾಗುತ್ತದೆ.

ನೀವು ಕೊಡುವ ಪಾಸ್‌ವರ್ಡ್‌ನಿಂದ ಡಿಸ್ಕ್ ನೇರವಾಗಿ ಎನ್‌ಕ್ರಿಪ್ಟ್ ಆಗುವುದಿಲ್ಲ. ಇದನ್ನು ತಿಳಿದುಕೊಂಡರೆ ಮುಂದಿನದ್ದೆಲ್ಲ ಸಲೀಸು. ಡಿಸ್ಕ್‌ಗೆ ಬೇರೆಯೇ ಒಂದು ಕೀ ಇರುತ್ತದೆ, ಅದರ ಹೆಸರು ವಾಲ್ಯೂಮ್ ಕೀ. ಕಂಪ್ಯೂಟರ್ ಅದನ್ನು ಯಾದೃಚ್ಛಿಕವಾಗಿ ತಯಾರಿಸುತ್ತದೆ. ಮನೆಯ ಬೀಗದ ಕೈಯನ್ನು ಒಂದು ಪೆಟ್ಟಿಗೆಯೊಳಗಿಟ್ಟು ಆ ಪೆಟ್ಟಿಗೆಗೆ ಇನ್ನೊಂದು ಬೀಗ ಹಾಕಿದ ಹಾಗೆ, ವಾಲ್ಯೂಮ್ ಕೀಯನ್ನು ನಿಮ್ಮ ಪಾಸ್‌ವರ್ಡ್‌ನಿಂದ ಮುಚ್ಚಿ ಹೆಡರ್‌ನಲ್ಲಿ ಇಡಲಾಗುತ್ತದೆ. ಹೀಗೆ ಇಡುವ ಜಾಗಕ್ಕೆ ಕೀಸ್ಲಾಟ್ ಅನ್ನುತ್ತಾರೆ. ಲಕ್ಸ್1ರಲ್ಲಿ 8 ಕೀಸ್ಲಾಟ್ ಇರುತ್ತವೆ, ಲಕ್ಸ್2ರಲ್ಲಿ 32ರವರೆಗೆ. ಪ್ರತಿ ಸ್ಲಾಟ್‌ಗೂ ಬೇರೆ ಪಾಸ್‌ವರ್ಡ್ ಇಡಬಹುದು, ಒಳಗಿರುವ ವಾಲ್ಯೂಮ್ ಕೀ ಮಾತ್ರ ಒಂದೇ. ಪಾಸ್‌ವರ್ಡ್ ಬದಲಿಸಿದಾಗ ಇಡೀ ಡಿಸ್ಕ್ ಮತ್ತೆ ಬರೆಯಬೇಕಾಗಿಲ್ಲ ಅನ್ನುವುದಕ್ಕೆ ಕಾರಣ ಇದೇ.

ಕೈ ಪಳಗಿಸಲು ಒಂದು ಫೈಲ್

ನಿಜವಾದ ಡಿಸ್ಕ್ ಮುಟ್ಟುವ ಮೊದಲು ಒಂದು ಸುಳ್ಳು ಡಿಸ್ಕ್ ಮಾಡಿಕೊಳ್ಳಿ. ಖಾಲಿ ಫೈಲ್ ಒಂದನ್ನು ಡಿಸ್ಕ್ ಅಂತ ತೋರಿಸಿದರೆ ಕ್ರಿಪ್ಟ್‌ಸೆಟಪ್ ಒಪ್ಪಿಕೊಳ್ಳುತ್ತದೆ.

ಟ್ರಂಕೇಟ್ -ಎಸ್ 64ಎಂ ಅಭ್ಯಾಸ.ಐಎಂಜಿ
ಸುಡೋ ಕ್ರಿಪ್ಟ್‌ಸೆಟಪ್ ಲಕ್ಸ್‌ಫಾರ್ಮ್ಯಾಟ್ ಅಭ್ಯಾಸ.ಐಎಂಜಿ

ಫೈಲ್ ಹೆಸರನ್ನು ಬೇಕಾದರೆ ಕನ್ನಡದಲ್ಲೇ ಇಡಿ, ಲಿನಕ್ಸ್‌ಗೆ ಅಭ್ಯಂತರವಿಲ್ಲ. ಎರಡನೇ ಕಮಾಂಡ್ ಕೊಟ್ಟಾಗ ದೊಡ್ಡಕ್ಷರದಲ್ಲಿ "ಯೆಸ್" ಅಂತ ಟೈಪ್ ಮಾಡಲು ಹೇಳುತ್ತದೆ. ಹಾಗೆ ಕೇಳಿತು ಅಂದರೆ ಏನನ್ನೋ ಅಳಿಸಲು ಹೊರಟಿದೆ ಅಂತಲೇ ಅರ್ಥ. ಇಲ್ಲಿ ಪರವಾಗಿಲ್ಲ. ನಿಜವಾದ ಡಿಸ್ಕ್ ಮೇಲೆ ಲಕ್ಸ್‌ಫಾರ್ಮ್ಯಾಟ್ ಕೊಟ್ಟರೆ ಹಳೆಯ ಹೆಡರ್ ಹೋಗುತ್ತದೆ, ಅದರ ಜೊತೆ ಡೇಟಾ ಕೂಡ. 64 ಎಂಬಿ ಯಾಕೆ ಅಂದರೆ ಲಕ್ಸ್2 ಹೆಡರ್‌ಗೇ ಸಾಮಾನ್ಯವಾಗಿ 16 ಎಂಬಿ ಬೇಕು.

ಯಾವ ಪಾರ್ಟಿಷನ್ ಅಂತ ಹುಡುಕಿ

ಎಲ್‌ಎಸ್‌ಬಿಎಲ್‌ಕೆ -ಎಫ್

ಈ ಕಮಾಂಡ್ ಎಲ್ಲ ಡಿಸ್ಕ್‌ಗಳನ್ನೂ ಮರದ ಕೊಂಬೆಯಂತೆ ಜೋಡಿಸಿ ತೋರಿಸುತ್ತದೆ. ಯಾವ ಸಾಲಿನಲ್ಲಿ ಫೈಲ್‌ಸಿಸ್ಟಮ್ ಜಾಗದಲ್ಲಿ "ಕ್ರಿಪ್ಟೋ_ಲಕ್ಸ್" ಅಂತಿದೆಯೋ ಅದೇ ನಮಗೆ ಬೇಕಾದ ಪಾರ್ಟಿಷನ್. ಪಕ್ಕದಲ್ಲೇ 1 ಅಥವಾ 2 ಅಂತ ಆವೃತ್ತಿಯೂ ಇರುತ್ತದೆ. ಡಿಸ್ಕ್ ತೆರೆದಿದ್ದರೆ ಅದರ ಕೆಳಗೆ ಇನ್ನೊಂದು ಹೆಸರು ಕಾಣುತ್ತದೆ. ಅದು ಬೀಗ ತೆಗೆದ ಮೇಲೆ ಒಳಗೆ ಕಾಣುವ ಭಾಗ, ಅದರಲ್ಲಿ ಹೆಡರ್ ಇರುವುದಿಲ್ಲ. ತುಂಬ ಜನ ಎಡವುವುದು ಇಲ್ಲೇ. ಹೆಡರ್ ಬೇಕಾದರೆ ಮೇಲಿನ ಪಾರ್ಟಿಷನ್ನನ್ನೇ ಹಿಡಿಯಬೇಕು. ಮುಂದೆಲ್ಲ ಉದಾಹರಣೆಗೆ /ಡೆವ್/ಎಸ್‌ಡಿಬಿ1 ಅಂತ ಬರೆಯುತ್ತೇನೆ, ನಿಮ್ಮದರ ಹೆಸರು ಹಾಕಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಎನ್‌ವಿಎಂಇ0ಎನ್1ಪಿ3 ಥರ ಇರುತ್ತದೆ.

ಸುಡೋ ಕ್ರಿಪ್ಟ್‌ಸೆಟಪ್ -ವಿ ಇಸ್‌ಲಕ್ಸ್ /ಡೆವ್/ಎಸ್‌ಡಿಬಿ1

ಹೌದೋ ಅಲ್ಲವೋ ಅಂತ ಅಷ್ಟೇ ಗೊತ್ತಾಗಬೇಕಿದ್ದರೆ ಇದು ಸಾಕು. ಇಲ್ಲಿ ಲಕ್ಸ್‌ನ ಮೊದಲ ಅಕ್ಷರ ದೊಡ್ಡದು. ಸ್ಕ್ರಿಪ್ಟ್ ಬರೆಯುವವರಿಗೆ ಇದೇ ಅನುಕೂಲ. ಲಕ್ಸ್ ಆಗಿದ್ದರೆ ನಿರ್ಗಮನ ಸಂಖ್ಯೆ 0, ಇಲ್ಲದಿದ್ದರೆ ಬೇರೆ.

ಬರಿಗಣ್ಣಿಗೆ ಕಾಣುವ ಬೈಟ್‌ಗಳು

ನೇರ ಲಕ್ಸ್‌ಡಂಪ್‌ಗೆ ಹೋಗಬಹುದು. ಆದರೆ ಒಂದು ಸಲ ಹಸಿ ಬೈಟ್‌ಗಳನ್ನೇ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಡಿಸ್ಕ್ ಕೆಟ್ಟ ದಿನ ಕ್ರಿಪ್ಟ್‌ಸೆಟಪ್ "ಇದು ಲಕ್ಸ್ ಅಲ್ಲ" ಅಂದುಬಿಟ್ಟರೆ, ನಿಜಕ್ಕೂ ಅಲ್ಲಿ ಏನಿದೆ ಅಂತ ನೋಡಲು ನಿಮಗೆ ಬರಬೇಕಲ್ವಾ?

ಸುಡೋ ಹೆಕ್ಸ್‌ಡಂಪ್ -ಸಿ -ಎನ್ 256 /ಡೆವ್/ಎಸ್‌ಡಿಬಿ1

ಇಲ್ಲಿ ಸಿ ದೊಡ್ಡಕ್ಷರ, ಎನ್ ಚಿಕ್ಕದು. ಮೊದಲ ಸಾಲು ಲಕ್ಸ್2ರಲ್ಲಿ ಹೀಗಿರುತ್ತದೆ:

4ಸಿ 55 4ಬಿ 53 ಬಿಎ ಬಿಇ 00 02 00 00 00 00 00 00 40 00

ಮೊದಲ ನಾಲ್ಕು ಬೈಟ್ ಅಂದರೆ ಎಲ್, ಯು, ಕೆ, ಎಸ್ ಅಕ್ಷರಗಳು. ಬಲಗಡೆ ಅವು ಹಾಗೇ ಓದಲು ಸಿಗುತ್ತವೆ. ಆಮೇಲಿನ ಬಿಎ ಬಿಇ ಸೇರಿ ಒಟ್ಟು ಆರು ಬೈಟ್ ಲಕ್ಸ್‌ನ ಗುರುತು. ನಂತರದ ಎರಡು ಬೈಟ್ ಆವೃತ್ತಿ: 00 01 ಇದ್ದರೆ ಲಕ್ಸ್1, 00 02 ಇದ್ದರೆ ಲಕ್ಸ್2. ಉಳಿದ ಎಂಟು ಬೈಟ್ ಲಕ್ಸ್2ರಲ್ಲಿ ಹೆಡರ್‌ನ ಅಳತೆ. 40 00 ಅನ್ನುವುದನ್ನು ದಶಮಾನಕ್ಕೆ ತಂದರೆ 16384, ಅಂದರೆ 16 ಕೆಬಿ. ಹೆಡರ್ 16 ಎಂಬಿ ಅಂದೆನಲ್ಲ, ಇದೇನು 16 ಕೆಬಿ ಅಂತ ಅನ್ನಿಸಬಹುದು. 16 ಕೆಬಿ ಬರೀ ವಿವರಗಳಿಗೆ. ಅಂಥವು ಎರಡು ಪ್ರತಿ ಇರುತ್ತವೆ. ಮಿಕ್ಕ ಜಾಗ ಕೀಸ್ಲಾಟ್‌ಗಳದ್ದು.

ಲಕ್ಸ್1 ಆಗಿದ್ದರೆ ಬಲಗಡೆಯ ಅಂಕಣದಲ್ಲಿ ಇನ್ನೂ ಜಾಸ್ತಿ ಓದಲು ಸಿಗುತ್ತದೆ. 8ನೇ ಬೈಟ್‌ನಿಂದ ಸೈಫರ್ (ಎನ್‌ಕ್ರಿಪ್ಟ್ ಮಾಡುವ ಸೂತ್ರ) ಹೆಸರು, 40ರಿಂದ ಅದರ ವಿಧಾನ, 72ರಿಂದ ಹ್ಯಾಶ್ ಹೆಸರು. ಎರಡು ಆವೃತ್ತಿಗಳಲ್ಲೂ 168ನೇ ಬೈಟ್‌ನಿಂದ ಯುಯುಐಡಿ, ಅಂದರೆ ಆ ಡಿಸ್ಕ್‌ನದ್ದೇ ಆದ ಗುರುತಿನ ಸಂಖ್ಯೆ ಶುರುವಾಗುತ್ತದೆ. ಎಲ್‌ಎಸ್‌ಬಿಎಲ್‌ಕೆ ತೋರಿಸಿದ ಯುಯುಐಡಿ ಇದೇ ತಾನೇ ಅಂತ ಹೋಲಿಸಿ ನೋಡಿ.

ಲಕ್ಸ್‌ಡಂಪ್ ಓದುವ ಬಗೆ

ಸುಡೋ ಕ್ರಿಪ್ಟ್‌ಸೆಟಪ್ ಲಕ್ಸ್‌ಡಂಪ್ /ಡೆವ್/ಎಸ್‌ಡಿಬಿ1

ಇದಕ್ಕೆ ಪಾಸ್‌ವರ್ಡ್ ಬೇಕಿಲ್ಲ. ಹೆಡರ್‌ನ ಈ ಭಾಗ ಗುಟ್ಟಿನದ್ದಲ್ಲ, ಡಿಸ್ಕ್ ಕೈಗೆ ಸಿಕ್ಕ ಯಾರು ಬೇಕಾದರೂ ಓದಬಹುದು.

ಲಕ್ಸ್2 ಆಗಿದ್ದರೆ ಮೇಲುಗಡೆ ಆವೃತ್ತಿಯ ಕೆಳಗೆ "ಎಪಾಕ್" ಅಂತ ಒಂದು ಸಂಖ್ಯೆ ಇರುತ್ತದೆ. ಹೆಡರ್‌ನಲ್ಲಿ ಏನಾದರೂ ಬದಲಾದಾಗಲೆಲ್ಲ ಇದು ಏರುತ್ತದೆ. ಪಾಸ್‌ವರ್ಡ್ ಸೇರಿಸಿದರೆ ಏರುತ್ತದೆ, ಸ್ಲಾಟ್ ತೆಗೆದರೂ ಏರುತ್ತದೆ. ಇದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ನೀವು ಏನೂ ಮಾಡದೆ ಇದು ಬದಲಾಗಿದ್ದರೆ ಯಾರೋ ಅಥವಾ ಯಾವುದೋ ಪ್ರೋಗ್ರಾಂ ಹೆಡರ್ ಮುಟ್ಟಿದೆ ಅಂತ ಅರ್ಥ. ಡಿಸ್ಕ್ ತೆರೆಯುವುದಕ್ಕೆ, ಮುಚ್ಚುವುದಕ್ಕೆ ಇದು ಏರುವುದಿಲ್ಲ.

"ಡೇಟಾ ಸೆಗ್ಮೆಂಟ್ಸ್" ಭಾಗದಲ್ಲಿ ಆಫ್‌ಸೆಟ್ 16777216 ಅಂತ ಕಾಣಬಹುದು. 16 ಎಂಬಿ ಆದ ಮೇಲೆ ನಿಮ್ಮ ಡೇಟಾ ಶುರು ಅಂತ ಅರ್ಥ. ಸೈಫರ್ ಸಾಮಾನ್ಯವಾಗಿ ಎಇಎಸ್-ಎಕ್ಸ್‌ಟಿಎಸ್-ಪ್ಲೇನ್64. ಕೀ ಉದ್ದ 512 ಬಿಟ್ ಅಂತ ನೋಡಿ ಕೆಲವರು ಎಇಎಸ್-512 ಅಂದುಕೊಳ್ಳುತ್ತಾರೆ. ಹಾಗೊಂದು ಇಲ್ಲ. ಎಕ್ಸ್‌ಟಿಎಸ್ ವಿಧಾನಕ್ಕೆ ಎರಡು ಕೀ ಬೇಕು, 256 ಬಿಟ್‌ನ ಎರಡು ಸೇರಿ 512. ಇರುವುದು ಎಇಎಸ್-256.

ಇನ್ನು "ಕೀಸ್ಲಾಟ್ಸ್". ಇಲ್ಲಿ ನಿಧಾನವಾಗಿ ಓದಿ. ಎಷ್ಟು ಸ್ಲಾಟ್ ಇವೆ? ನೀವು ಇಟ್ಟದ್ದು ಒಂದೇ ಪಾಸ್‌ವರ್ಡ್, ಇಲ್ಲಿ ಮೂರು ಸ್ಲಾಟ್ ಇವೆ ಅಂದರೆ ಉಳಿದ ಎರಡು ಯಾರದ್ದು ಅಂತ ಕೇಳಿಕೊಳ್ಳಬೇಕು. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಒಂದು ಅಲ್ಲಿನ ಐಟಿ ವಿಭಾಗದ್ದಿರಬಹುದು. ರಿಕವರಿ ಕೀ ಇರಬಹುದು. ಕೀಗಳನ್ನು ಜೋಪಾನ ಮಾಡುವ, ಮದರ್‌ಬೋರ್ಡ್‌ನ ಟಿಪಿಎಂ ಚಿಪ್‌ಗೆ ಕಟ್ಟಿದ್ದಿರಬಹುದು. ಕೆಳಗಿನ "ಟೋಕನ್ಸ್" ಭಾಗ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಸಿಸ್ಟಮ್‌ಡಿ-ಟಿಪಿಎಂ2, ಸಿಸ್ಟಮ್‌ಡಿ-ಫೈಡೋ2, ಸಿಸ್ಟಮ್‌ಡಿ-ರಿಕವರಿ, ಕ್ಲೆವಿಸ್ ಥರದ ಹೆಸರು ಇದ್ದು, ಪ್ರತಿಯೊಂದರ ಕೆಳಗೆ ಅದು ಯಾವ ಸ್ಲಾಟ್‌ಗೆ ಸೇರಿದ್ದು ಅಂತಲೂ ಇರುತ್ತದೆ. ಯಾವ ಟೋಕನ್‌ಗೂ ಸೇರದ ಸ್ಲಾಟ್ ಅಂದರೆ ಸಾಮಾನ್ಯವಾಗಿ ಪಾಸ್‌ವರ್ಡ್ ಅಥವಾ ಕೀಫೈಲ್ (ಪಾಸ್‌ವರ್ಡ್ ಬದಲು ಬಳಸುವ ಫೈಲ್).

ಪ್ರತಿ ಸ್ಲಾಟ್‌ನಲ್ಲಿ "ಪಿಬಿಕೆಡಿಎಫ್" ಅನ್ನುವ ಸಾಲು ನೋಡಿ. ಪಾಸ್‌ವರ್ಡ್ ಊಹಿಸುವವರನ್ನು ನಿಧಾನಗೊಳಿಸುವ ಲೆಕ್ಕಾಚಾರ ಇದು. ಹೊಸದಾಗಿ ಮಾಡಿದ ಲಕ್ಸ್2ರಲ್ಲಿ ಆರ್ಗಾನ್2ಐಡಿ ಅಂತಿರುತ್ತದೆ. ಲಕ್ಸ್1 ಬಳಸುವುದು ಪಿಬಿಕೆಡಿಎಫ್2. ಆರ್ಗಾನ್2ಐಡಿ ವಾಸಿ, ಯಾಕೆಂದರೆ ಪ್ರತಿ ಸಲ ಊಹಿಸಲೂ ದೊಡ್ಡ ಮೆಮರಿ ಬೇಕು. ಸಾವಿರಾರು ಊಹೆ ಒಟ್ಟಿಗೆ ಓಡಿಸುವ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಇದೇ ಅಡ್ಡಿ. "ಮೆಮರಿ" ಸಾಲಿನಲ್ಲಿ 1048576 ಅಂತಿದ್ದರೆ ಅದು ಕೆಬಿ ಲೆಕ್ಕದಲ್ಲಿ, ಅಂದರೆ 1 ಜಿಬಿ. ದೊಡ್ಡ ಕಂಪ್ಯೂಟರ್‌ನಲ್ಲಿ ಮಾಡಿದ ಡಿಸ್ಕ್ ಅನ್ನು ಕಡಿಮೆ ರ‍್ಯಾಮ್ ಇರುವ ಚಿಕ್ಕ ಬೋರ್ಡ್‌ಗೆ ಹಾಕಿದಾಗ ತೆರೆಯದಿದ್ದರೆ ಮೊದಲು ನೋಡಬೇಕಾದ್ದು ಈ ಸಾಲನ್ನೇ.

ಇನ್ನೊಂದು ಸಮಸ್ಯೆಗೂ ಉತ್ತರ ಇಲ್ಲೇ ಸಿಗುತ್ತದೆ. ಬೂಟ್ ಭಾಗವೂ ಎನ್‌ಕ್ರಿಪ್ಟ್ ಆಗಿದ್ದರೆ ಅದನ್ನು ತೆರೆಯುವುದು ಗ್ರಬ್, ಅಂದರೆ ಲಿನಕ್ಸ್ ಶುರು ಮಾಡಿಸುವ ಬೂಟ್‌ಲೋಡರ್. 2021ರಲ್ಲಿ ಬಂದ ಗ್ರಬ್ 2.06ಕ್ಕೆ ಲಕ್ಸ್2 ಓದಲು ಬರುತ್ತದೆ, ಆದರೆ ಪಿಬಿಕೆಡಿಎಫ್2 ಸ್ಲಾಟ್ ಮಾತ್ರ ತೆರೆಯುತ್ತದೆ. ಪಾಸ್‌ವರ್ಡ್ ಸರಿ ಕೊಟ್ಟರೂ ಗ್ರಬ್ ಒಪ್ಪುತ್ತಿಲ್ಲ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಅದೇ ಪಾಸ್‌ವರ್ಡ್‌ಗೆ ತೆರೆಯುತ್ತದೆ ಅನ್ನುವ ಪರಿಸ್ಥಿತಿಯಲ್ಲಿ ಈ ಸಾಲು ನೋಡಿದರೆ ಕಾರಣ ಗೊತ್ತಾಗುತ್ತದೆ.

ಡಂಪ್ ಚೆನ್ನಾಗಿದ್ದರೆ ಸ್ಲಾಟ್ ಚೆನ್ನಾಗಿದೆ ಅಂತಲ್ಲ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಲಕ್ಸ್‌ಡಂಪ್ ಓದುವುದು ವಿವರಗಳ ಭಾಗವನ್ನು ಮಾತ್ರ. ಲಕ್ಸ್2ರಲ್ಲಿ ಆ ಭಾಗಕ್ಕೆ ಚೆಕ್‌ಸಮ್ (ಬೈಟ್‌ಗಳು ಬದಲಾಗಿವೆಯೇ ಅಂತ ತಾಳೆ ನೋಡುವ ಸಂಖ್ಯೆ) ಇದೆ, ಹಾಳಾದರೆ ಗೊತ್ತಾಗುತ್ತದೆ. ಮುಚ್ಚಿಟ್ಟ ವಾಲ್ಯೂಮ್ ಕೀ ಇರುವ ಕೀಸ್ಲಾಟ್ ಜಾಗಕ್ಕೆ ಆ ಚೆಕ್‌ಸಮ್ ಅನ್ವಯಿಸುವುದಿಲ್ಲ.

ಡಂಪ್‌ನಲ್ಲಿ "ಎಎಫ್ ಸ್ಟ್ರೈಪ್ಸ್: 4000" ಅಂತ ಒಂದು ಸಾಲು ಇರುತ್ತದೆ. 64 ಬೈಟ್‌ನ ಕೀಯನ್ನು 4000 ಪಟ್ಟು ಹಿಗ್ಗಿಸಿ 2,56,000 ಬೈಟ್‌ಗಳಲ್ಲಿ ಹರಡಿ ಇಟ್ಟಿರುತ್ತಾರೆ. ಅದರಲ್ಲಿ ಯಾವುದೇ ಚೂರು ಅಳಿಸಿದರೂ ಕೀ ವಾಪಸ್ ಬರಬಾರದು ಅನ್ನುವುದು ಉದ್ದೇಶ. ಬೇಡದ ಸ್ಲಾಟ್ ತೆಗೆದಾಗ ಅದು ನಿಜಕ್ಕೂ ಹೋಗಲಿ ಅಂತ ಮಾಡಿದ ಏರ್ಪಾಡು. ಅದೇ ಕಾರಣಕ್ಕೆ, ಡಿಸ್ಕ್‌ನ ಒಂದೇ ಒಂದು ಸೆಕ್ಟರ್ ಆ ಜಾಗದಲ್ಲಿ ಕೆಟ್ಟರೂ ಸ್ಲಾಟ್ ಪೂರ್ತಿ ಸತ್ತ ಹಾಗೆ. ಆಗಲೂ ಲಕ್ಸ್‌ಡಂಪ್ ಎಂದಿನಂತೆ ಅಚ್ಚುಕಟ್ಟಾಗಿ ಕಾಣುತ್ತದೆ.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಪಾಸ್‌ವರ್ಡ್ ಕೊಟ್ಟೇ ನೋಡಬೇಕು.

ಸುಡೋ ಕ್ರಿಪ್ಟ್‌ಸೆಟಪ್ -ವಿ ಓಪನ್ --ಟೆಸ್ಟ್-ಪಾಸ್‌ಫ್ರೇಸ್ /ಡೆವ್/ಎಸ್‌ಡಿಬಿ1

ಇದು ಡಿಸ್ಕ್ ತೆರೆಯುವುದಿಲ್ಲ. ಪಾಸ್‌ವರ್ಡ್ ಹೊಂದುತ್ತದೆಯೇ ಅಂತ ನೋಡಿ, ಎಷ್ಟನೇ ಸ್ಲಾಟ್ ತೆರೆಯಿತು ಅಂತ ಹೇಳಿ ಸುಮ್ಮನಾಗುತ್ತದೆ. ಡಿಸ್ಕ್ ಬಳಕೆಯಲ್ಲಿದ್ದರೂ ಓಡಿಸಬಹುದು. ಒಂದೇ ಸ್ಲಾಟ್ ಪರೀಕ್ಷಿಸಲು "--ಕೀ-ಸ್ಲಾಟ್ 1" ಅಂತ ಸೇರಿಸಿ. ಎಲ್ಲ ಪಾಸ್‌ವರ್ಡ್‌ಗಳನ್ನೂ, ಮುಖ್ಯವಾಗಿ ಎಂದೋ ಬರೆದಿಟ್ಟು ಮರೆತಿರುವ ರಿಕವರಿ ಕೀಯನ್ನು ಹೀಗೆ ಒಮ್ಮೆ ಪರೀಕ್ಷಿಸಿ. ಬೇಕಾದ ದಿನ ಅದು ಕೈಕೊಟ್ಟರೆ ಬೇರೆ ದಾರಿ ಇರುವುದಿಲ್ಲ.

ಪಾಸ್‌ವರ್ಡ್‌ನಲ್ಲಿ ಕನ್ನಡ ಅಕ್ಷರ ಇದ್ದರೆ

ಕನ್ನಡದಲ್ಲಿ ಪಾಸ್‌ವರ್ಡ್ ಇಡುವ ಆಸೆ ನಮ್ಮಲ್ಲಿ ಹಲವರಿಗಿದೆ, ಅದು ಸಹಜ. ಆದರೆ ಡಿಸ್ಕ್‌ಗೆ ಬೇಡ. ಕ್ರಿಪ್ಟ್‌ಸೆಟಪ್ ನೋಡುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಕೊ ಅನ್ನುವಲ್ಲಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಬೈಟ್‌ಗಳು ಮಾತ್ರ ಬೇರೆ. ಕೀಬೋರ್ಡ್ ವಿನ್ಯಾಸ ಬದಲಿಸಿದರೆ ಪಾಸ್‌ವರ್ಡ್ ಸರಿ ಇದ್ದೂ ಹೊಂದದೆ ಹೋಗಬಹುದು. ಅರ್ಕಾವೊತ್ತಿನ ಹತ್ತಿರ, ಒತ್ತಕ್ಷರ ಬಿಡಿಸಲು ಹಾಕುವ ಕಣ್ಣಿಗೆ ಕಾಣದ ಅಕ್ಷರಗಳದ್ದೂ ಇದೇ ಕಥೆ. ಅದಕ್ಕಿಂತ ಮುಖ್ಯ, ಬೂಟ್ ಆಗುವ ಹೊತ್ತಿನಲ್ಲಿ ಕನ್ನಡ ಕೀಬೋರ್ಡ್ ಸಿಗುವುದೇ ಕಷ್ಟ. ಕನ್ನಡ ವಾಕ್ಯವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಾಸ್‌ವರ್ಡ್ ಮಾಡಿಕೊಳ್ಳಿ. ಉದ್ದವೂ ಆಗುತ್ತದೆ, ನೆನಪಲ್ಲೂ ಉಳಿಯುತ್ತದೆ.

ಎರಡನೇ ಹೆಡರ್

ಲಕ್ಸ್2ರಲ್ಲಿ ವಿವರಗಳ ಎರಡು ಪ್ರತಿ ಇರುತ್ತವೆ ಅಂದೆನಲ್ಲ. ಎರಡನೆಯದು ಸಾಮಾನ್ಯವಾಗಿ 16384ನೇ ಬೈಟ್‌ನಿಂದ ಶುರು.

ಸುಡೋ ಹೆಕ್ಸ್‌ಡಂಪ್ -ಸಿ -ಎಸ್ 16384 -ಎನ್ 64 /ಡೆವ್/ಎಸ್‌ಡಿಬಿ1

ಇಲ್ಲಿ ಗುರುತು 53 4ಬಿ 55 4ಸಿ ಬಿಎ ಬಿಇ. ಅಕ್ಷರಗಳು ಹಿಂದುಮುಂದಾಗಿ ಎಸ್, ಕೆ, ಯು, ಎಲ್ ಆಗಿರುತ್ತವೆ. ಮೊದಲನೆಯದನ್ನೂ ಎರಡನೆಯದನ್ನೂ ಬೇರೆ ಬೇರೆಯಾಗಿ ಗುರುತಿಸಲು ಹೀಗೆ ಮಾಡಿದ್ದಾರೆ.

ಅಭ್ಯಾಸದ ಫೈಲ್ ಮೇಲೆ ಒಂದು ಪ್ರಯೋಗ ಮಾಡಿ. ಅದರ ಮೊದಲ 4096 ಬೈಟ್ ಅಳಿಸಿಬಿಡಿ:

ಡಿಡಿ ಐಎಫ್=/ಡೆವ್/ಜೀರೋ ಓಎಫ್=ಅಭ್ಯಾಸ.ಐಎಂಜಿ ಬಿಎಸ್=4096 ಕೌಂಟ್=1 ಕನ್ವ್=ನೋಟ್ರಂಕ್

ಕೊನೆಯ ನೋಟ್ರಂಕ್ ಬಿಡಬೇಡಿ, ಬಿಟ್ಟರೆ ಫೈಲ್ ಅಲ್ಲಿಗೇ ಕತ್ತರಿಸಿ ಹೋಗುತ್ತದೆ. ಈಗ ಹೆಕ್ಸ್‌ಡಂಪ್‌ನಲ್ಲಿ ಮೊದಲ ಹೆಡರ್ ಜಾಗ ಬರೀ ಸೊನ್ನೆ, ಎರಡನೆಯದು ಹಾಗೇ ಇದೆ. "ಕ್ರಿಪ್ಟ್‌ಸೆಟಪ್ ರಿಪೇರಿ" ಅನ್ನುವ ಕಮಾಂಡ್ ಎರಡನೆಯದನ್ನು ನೋಡಿ ಮೊದಲನೆಯದನ್ನು ಮತ್ತೆ ಬರೆಯುತ್ತದೆ. ಕ್ರಿಪ್ಟ್‌ಸೆಟಪ್ ಕೆಲವೊಮ್ಮೆ ಹೆಡರ್ ಓದುವ ಹೊತ್ತಿನಲ್ಲೇ ಈ ರಿಪೇರಿಯನ್ನು ತಾನಾಗೇ ಮಾಡಿಬಿಡಬಹುದು. ಅದಕ್ಕೇ ಹೇಳುವುದು, ನಿಜವಾದ ಡಿಸ್ಕ್ ಕೆಟ್ಟಿದ್ದರೆ ಮೊದಲು ಅದರ ಆರಂಭದ 32 ಎಂಬಿಯನ್ನಾದರೂ ಡಿಡಿಯಿಂದ ಬೇರೆ ಕಡೆ ನಕಲು ಮಾಡಿಕೊಳ್ಳಿ. ಆಮೇಲೆ ಕ್ರಿಪ್ಟ್‌ಸೆಟಪ್ ಮುಟ್ಟಿ. ಡಿಸ್ಕ್ ಅನ್ನು ಬರೆಯಲಾಗದಂತೆ ಮಾಡಲು "ಬ್ಲಾಕ್‌ಡೆವ್ --ಸೆಟ್‌ಆರ್‌ಓ" ಕಮಾಂಡ್ ಇದೆ.

ಎರಡು ಪ್ರತಿ ಇವೆ ಅಂತ ನೆಮ್ಮದಿಯಾಗಿ ಕೂರಬೇಡಿ. ಪಾರ್ಟಿಷನ್ ಮಾಡದೆ ಇಡೀ ಎಕ್ಸ್‌ಟರ್ನಲ್ ಡಿಸ್ಕ್ ಅನ್ನೇ ಲಕ್ಸ್ ಮಾಡಿದ್ದೀರಿ ಅಂದುಕೊಳ್ಳಿ. ಅದನ್ನು ವಿಂಡೋಸ್‌ಗೆ ಚುಚ್ಚಿದರೆ ಡಿಸ್ಕ್ ಖಾಲಿ ಇದೆ ಅಂದುಕೊಂಡು "ಇನಿಶಿಯಲೈಸ್ ಮಾಡಲೇ?" ಅಂತ ಕೇಳುತ್ತದೆ. ಸರಿ ಅಂದರೆ ಜಿಪಿಟಿ ಪಾರ್ಟಿಷನ್ ಪಟ್ಟಿ ಬರೆಯುತ್ತದೆ. 512 ಬೈಟ್ ಸೆಕ್ಟರ್‌ನ ಡಿಸ್ಕ್‌ನಲ್ಲಿ ಆ ಪಟ್ಟಿಗೆ ಮೊದಲ 34 ಸೆಕ್ಟರ್ ಮೀಸಲು, ಅಂದರೆ 17408 ಬೈಟ್. ಎರಡನೇ ಹೆಡರ್ ಶುರುವಾಗುವುದು 16384ರಲ್ಲಿ. ಪಟ್ಟಿಯನ್ನು ಪೂರ್ತಿ ಬರೆದರೆ ಎರಡೂ ಪ್ರತಿಗಳ ತಲೆ ಒಂದೇ ಏಟಿಗೆ ಹೋಗುತ್ತದೆ. ಕೀಸ್ಲಾಟ್‌ಗಳು 32768ರಿಂದ ಶುರುವಾಗುವುದರಿಂದ ಅವು ಉಳಿದಿರಬಹುದು. ಆದರೆ ಎರಡೂ ಪ್ರತಿಗಳ ತಲೆ ಹೋದ ಮೇಲೆ ಇದು ಲಕ್ಸ್ ಅಂತಲೇ ಕ್ರಿಪ್ಟ್‌ಸೆಟಪ್‌ಗೆ ಗೊತ್ತಾಗುವುದಿಲ್ಲ, ರಿಪೇರಿ ಕಮಾಂಡ್ ಕೂಡ ಕೆಲಸಕ್ಕೆ ಬರುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಆದರೂ ಸರಿ, ಒಂದು ಪಾರ್ಟಿಷನ್ ಮಾಡಿ ಅದರೊಳಗೆ ಲಕ್ಸ್ ಮಾಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಜೇಸನ್ ನೋಡುವ ಆಸಕ್ತಿ ಇದ್ದರೆ

ಲಕ್ಸ್2 ತನ್ನ ವಿವರಗಳನ್ನು ಜೇಸನ್ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ 4 ಕೆಬಿ ಆದ ಮೇಲೆ ಸಾದಾ ಪಠ್ಯವಾಗಿಯೇ ಇರುತ್ತದೆ.

ಸುಡೋ ಕ್ರಿಪ್ಟ್‌ಸೆಟಪ್ ಲಕ್ಸ್‌ಡಂಪ್ --ಡಂಪ್-ಜೇಸನ್-ಮೆಟಾಡೇಟಾ /ಡೆವ್/ಎಸ್‌ಡಿಬಿ1

ಕೀಸ್ಲಾಟ್ಸ್, ಟೋಕನ್ಸ್, ಸೆಗ್ಮೆಂಟ್ಸ್, ಡೈಜೆಸ್ಟ್ಸ್, ಕಾನ್ಫಿಗ್ ಅಂತ ಐದು ಭಾಗ. ಇದರಲ್ಲಿ ಕಣ್ಣಿಡಬೇಕಾದ್ದು ಸೆಗ್ಮೆಂಟ್ಸ್ ಮತ್ತು ಕಾನ್ಫಿಗ್ ಮೇಲೆ. ಸೆಗ್ಮೆಂಟ್ ಒಂದೇ ಇರಬೇಕು, ಅದರ ಬಗೆ "ಕ್ರಿಪ್ಟ್" ಆಗಿರಬೇಕು. ಕಾನ್ಫಿಗ್ ಒಳಗೆ "ರಿಕ್ವೈರ್‌ಮೆಂಟ್ಸ್" ಅಂತ ಬಂದು ಆನ್‌ಲೈನ್ ರೀಎನ್‌ಕ್ರಿಪ್ಟ್ ಅಂತಿದ್ದರೆ ಮರು ಎನ್‌ಕ್ರಿಪ್ಷನ್ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ನೀವೇ ಶುರು ಮಾಡಿದ್ದಾದರೆ ಸರಿ. ಇಲ್ಲದಿದ್ದರೆ ಡಿಸ್ಕ್ ತೆರೆಯಲು ಹೋಗಬೇಡಿ.

ಈ ಎಚ್ಚರಿಕೆಗೆ ಕಾರಣವಿದೆ. ಸಿವಿಇ-2021-4122 ಅನ್ನುವ ದೋಷದಲ್ಲಿ, ಡಿಸ್ಕ್ ಕೈಗೆ ಸಿಕ್ಕವರು ಪಾಸ್‌ವರ್ಡ್ ಗೊತ್ತಿಲ್ಲದೆಯೂ ಹೆಡರ್ ತಿದ್ದಿ, ಅರ್ಧಕ್ಕೆ ನಿಂತ ಡೀಕ್ರಿಪ್ಷನ್‌ನಂತೆ ತೋರಿಸಬಹುದಿತ್ತು. ಮಾಲೀಕರು ಮುಂದಿನ ಸಲ ಪಾಸ್‌ವರ್ಡ್ ಕೊಟ್ಟು ತೆರೆದಾಗ ಒಂದಷ್ಟು ಭಾಗ ಬೀಗವಿಲ್ಲದೆ ಬರೆಯಲ್ಪಡುತ್ತಿತ್ತು. 2022ರ ಜನವರಿಯಲ್ಲಿ ಬಂದ ಕ್ರಿಪ್ಟ್‌ಸೆಟಪ್ 2.4.3 ಮತ್ತು 2.3.7ರಲ್ಲಿ ಇದನ್ನು ಸರಿಪಡಿಸಿದರು. "ಕ್ರಿಪ್ಟ್‌ಸೆಟಪ್ --ವರ್ಷನ್" ಕೊಟ್ಟು ನಿಮ್ಮದು ಎಷ್ಟನೆಯದು ಅಂತ ನೋಡಿಕೊಳ್ಳಿ.

ನಕಲು ತೆಗೆದು, ನಕಲನ್ನೂ ಪರೀಕ್ಷಿಸಿ

ಸುಡೋ ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್ /ಡೆವ್/ಎಸ್‌ಡಿಬಿ1 --ಹೆಡರ್-ಬ್ಯಾಕಪ್-ಫೈಲ್ ಹೆಡರ್.ಐಎಂಜಿ

ಇಲ್ಲಿ ಲಕ್ಸ್ ಆದ ಮೇಲಿನ ಹೆಡರ್, ಬ್ಯಾಕಪ್ ಎರಡು ಪದಗಳಿಗೂ ದೊಡ್ಡಕ್ಷರ. ಲಕ್ಸ್2 ಆದರೆ ಸಾಮಾನ್ಯವಾಗಿ 16 ಎಂಬಿ ಫೈಲ್ ಬರುತ್ತದೆ. ಅದನ್ನೇ ಲಕ್ಸ್‌ಡಂಪ್‌ಗೆ ಕೊಟ್ಟು ಓದಬಹುದು. ಅಷ್ಟಕ್ಕೇ ಬಿಡದೆ, ಈ ನಕಲಿನಿಂದ ಬೀಗ ತೆರೆಯುತ್ತದೆಯೇ ಅಂತಲೂ ನೋಡಿ:

ಸುಡೋ ಕ್ರಿಪ್ಟ್‌ಸೆಟಪ್ -ವಿ ಓಪನ್ --ಟೆಸ್ಟ್-ಪಾಸ್‌ಫ್ರೇಸ್ --ಹೆಡರ್ ಹೆಡರ್.ಐಎಂಜಿ /ಡೆವ್/ಎಸ್‌ಡಿಬಿ1

ನಕಲನ್ನು ಅದೇ ಡಿಸ್ಕ್‌ನಲ್ಲಿ ಇಡಬೇಡಿ. ಬೇರೆ ಪೆನ್‌ಡ್ರೈವ್, ಬೇರೆ ಜಾಗ. ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಹಳೆಯ ಪಾಸ್‌ವರ್ಡ್ ಯಾರಿಗೋ ಗೊತ್ತಾಯಿತು ಅಂತ ನೀವು ಬದಲಿಸಿದಿರಿ. ಆದರೆ ಹಳೆಯ ಹೆಡರ್ ನಕಲಿನಲ್ಲಿ ಹಳೆಯ ಪಾಸ್‌ವರ್ಡ್ ಇನ್ನೂ ಜೀವಂತವಾಗಿದೆ, ಒಳಗಿನ ವಾಲ್ಯೂಮ್ ಕೀ ಅದೇ. ಆ ನಕಲು, ಆ ಪಾಸ್‌ವರ್ಡ್, ಆ ಡಿಸ್ಕ್ ಮೂರೂ ಸಿಕ್ಕರೆ ಡೇಟಾ ತೆರೆಯುತ್ತದೆ. ಪಾಸ್‌ವರ್ಡ್ ಬದಲಿಸಿದಾಗ ಹಳೆಯ ನಕಲುಗಳನ್ನು ಅಳಿಸಿ ಹೊಸದು ತೆಗೆಯಿರಿ.

ವಾಪಸ್ ಹಾಕುವ ಲಕ್ಸ್‌ಹೆಡರ್‌ರೀಸ್ಟೋರ್ ಕಮಾಂಡ್ ಕೊಡುವ ಮುನ್ನ ಯುಯುಐಡಿ ಹೋಲಿಸಿ. ಬೇರೆ ಡಿಸ್ಕ್‌ನ ಹೆಡರ್ ಹಾಕಿಬಿಟ್ಟರೆ ಇದ್ದ ಹೆಡರ್ ಕೂಡ ಹೋಗುತ್ತದೆ. ಲಕ್ಸ್‌ಇರೇಸ್, ಲಕ್ಸ್‌ಕಿಲ್‌ಸ್ಲಾಟ್, ರೀಎನ್‌ಕ್ರಿಪ್ಟ್ ಇವೂ ಬರೆಯುವ ಕಮಾಂಡ್‌ಗಳೇ, ಸುಮ್ನೆ ಪ್ರಯತ್ನಿಸಿ ನೋಡುವಂಥವಲ್ಲ. "--ಡಂಪ್-ವಾಲ್ಯೂಮ್-ಕೀ" ಏನನ್ನೂ ಬರೆಯುವುದಿಲ್ಲ, ಆದರೆ ಅಸಲಿ ಕೀಯನ್ನೇ ತೆರೆಯ ಮೇಲೆ ತೋರಿಸುತ್ತದೆ. ಅದನ್ನು ನೋಡಿದವರಿಗೆ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ.

ಹೆಡರ್ ಹೋಗಿದೆ, ಡಿಸ್ಕ್ ಇನ್ನೂ ತೆರೆದಿದೆ

ಇಂಥ ಸಂದರ್ಭದಲ್ಲಿ ಕಂಪ್ಯೂಟರ್ ಆಫ್ ಮಾಡಬೇಡಿ, ರೀಸ್ಟಾರ್ಟ್ ಮಾಡಬೇಡಿ. ವಾಲ್ಯೂಮ್ ಕೀ ಇನ್ನೂ ಕರ್ನಲ್‌ನ ಮೆಮರಿಯಲ್ಲಿದೆ, ಅದಕ್ಕೇ ಡಿಸ್ಕ್ ಕೆಲಸ ಮಾಡುತ್ತಿದೆ. ತಕ್ಷಣ ಫೈಲ್‌ಗಳನ್ನೆಲ್ಲ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ. ಲಕ್ಸ್1 ಆಗಿದ್ದರೆ "ಡಿಎಂಸೆಟಪ್ ಟೇಬಲ್ --ಶೋಕೀಸ್" ಕಮಾಂಡ್ ಕೀಯನ್ನೇ ತೋರಿಸುತ್ತದೆ, ಅದರಿಂದ ಹೊಸ ಹೆಡರ್ ಕಟ್ಟಬಹುದು. ಲಕ್ಸ್2 ಸಾಮಾನ್ಯವಾಗಿ ಕೀಯನ್ನು ಕರ್ನಲ್‌ನ ಕೀರಿಂಗ್‌ನಲ್ಲಿ ಇಡುವುದರಿಂದ ಅಲ್ಲಿ ಬರೀ ಅದರ ಹೆಸರು ಕಾಣುತ್ತದೆ. ಆಗ ಫೈಲ್ ನಕಲು ಮಾಡುವುದೊಂದೇ ಸುಲಭದ ದಾರಿ.

ಲಕ್ಸ್ ಅಲ್ಲದ ಡಿಸ್ಕ್‌ಗಳು

ವಿಂಡೋಸ್‌ನ ಬಿಟ್‌ಲಾಕರ್ ಹೆಡರ್ ಅನ್ನೂ ಕ್ರಿಪ್ಟ್‌ಸೆಟಪ್ ಓದುತ್ತದೆ, ಕಮಾಂಡ್ ಬಿಟ್‌ಎಲ್‌ಕೆಡಂಪ್. ಇದು 2020ರ 2.3 ಆವೃತ್ತಿಯಿಂದ ಇದೆ. ಮ್ಯಾಕ್‌ನ ಫೈಲ್‌ವಾಲ್ಟ್‌ಗೆ 2022ರ 2.6ರಿಂದ ಎಫ್‌ವಾಲ್ಟ್2ಡಂಪ್. ವೆರಾಕ್ರಿಪ್ಟ್ ದಾರಿ ಬೇರೆ. ಅದರಲ್ಲಿ ಗುರುತಿನ ಬೈಟ್‌ಗಳೇ ಇಲ್ಲ, ಮೊದಲ 64 ಬೈಟ್ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ಯಾದೃಚ್ಛಿಕ ಬೈಟ್‌ಗಳು), ಉಳಿದ ಹೆಡರ್ ಕೂಡ ಎನ್‌ಕ್ರಿಪ್ಟ್ ಆಗಿರುತ್ತದೆ. ಟಿಕ್ರಿಪ್ಟ್‌ಡಂಪ್ ಕಮಾಂಡ್‌ಗೆ ಪಾಸ್‌ವರ್ಡ್ ಕೊಟ್ಟರಷ್ಟೇ ವಿವರ ಸಿಗುತ್ತದೆ. ಕೊಡದಿದ್ದರೆ ಅದು ವೆರಾಕ್ರಿಪ್ಟ್ ಹೌದೋ ಅಲ್ಲವೋ ಅಂತಲೂ ಹೇಳಲಾಗದು.

ಸಹಾಯ ಕೇಳುವಾಗ

ಯಾರ ಹತ್ತಿರವಾದರೂ ಸಹಾಯ ಕೇಳುವಾಗ ಲಕ್ಸ್‌ಡಂಪ್‌ನ ಪಠ್ಯ ಕಳಿಸಿದರೆ ತೊಂದರೆ ಇಲ್ಲ. ಅದರಲ್ಲಿ ಸಾಲ್ಟ್, ಯುಯುಐಡಿ, ಡೈಜೆಸ್ಟ್ ಇರುತ್ತವೆ, ಮುಚ್ಚಿಟ್ಟ ಕೀ ಇರುವುದಿಲ್ಲ. ಹೆಡರ್.ಐಎಂಜಿ ಫೈಲ್ ಅನ್ನು ಮಾತ್ರ ಯಾರಿಗೂ ಕಳಿಸಬೇಡಿ. ಅದರಲ್ಲಿ ಕೀಸ್ಲಾಟ್‌ಗಳು ಪೂರ್ತಿ ಇವೆ. ಅದನ್ನಿಟ್ಟುಕೊಂಡು ಯಾವುದಾದರೂ ಪ್ರೋಗ್ರಾಂನಲ್ಲಿ ಬಿಡುವಾಗಿ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು, ನಿಮ್ಮ ಡಿಸ್ಕ್ ಹತ್ತಿರ ಬರಬೇಕಾಗಿಯೂ ಇಲ್ಲ.